ಪತ್ರ ಯಾರ ಬಳಿ ಇರಬೇಕು? - ಬರೀದ್‌ನಿಂದ ಇ-ಮೇಲ್‌ವರೆಗೆ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾನಸೂರು ಸಿಗುತ್ತದೆ. ಹೆಸರಿನಲ್ಲೇ ಕಾನು ಇರುವ ಊರು. ಇಂದು ಅಲ್ಲಿನ ಒಬ್ಬ ತಂದೆ ಮೊಬೈಲಿನಲ್ಲಿ ಒಂದು ಇ-ಮೇಲ್ ತೆರೆದು ಓದುತ್ತಾರೆ ಎಂದಿಟ್ಟುಕೊಳ್ಳೋಣ. ಅದೇ ಖಾತೆಯನ್ನು ಅವರ ಮಗ ಜಿದ್ದಾದ ಕೋಣೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ತೆರೆದರೆ ಅದೇ ಪತ್ರ ಅಲ್ಲಿಯೂ ಇರುತ್ತದೆ. ಅಷ್ಟೇ ಅಲ್ಲ, ಅದು ಆಗಲೇ ಓದಿಯಾದ ಪತ್ರ ಎಂಬುದೂ ಅವನಿಗೆ ತಿಳಿಯುತ್ತದೆ. ತಂದೆ ಅಳಿಸಿದರೆ ಮಗನ ಕಣ್ಣೆದುರೇ ಅದು ಮಾಯವಾಗುತ್ತದೆ. ಇದರಲ್ಲಿ ಬೆರಗುಪಡುವಂಥದ್ದೇನೂ ಇಲ್ಲವೆಂದು ಈಗಿನ ಮಕ್ಕಳು ಹೇಳಬಹುದು.

ಆದರೆ ಕಾಗದದ ಪತ್ರದ ಸ್ವಭಾವವೇ ಬೇರೆ. ಅಂಚೆಯವನು ಕೈಗಿತ್ತ ಪತ್ರ ಕಾನಸೂರಿನ ಮನೆಯಲ್ಲಿದ್ದರೆ ಶಿರಸಿಯ ಅಂಗಡಿಯಲ್ಲಿ ಇರಲಾರದು. ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋದರೆ ಮನೆಯವರಿಗೆ ಸಿಗದು. ಇ-ಮೇಲ್ ಹುಟ್ಟಿ ಬೆಳೆದ ಮೇಲೆಯೂ ಬಹಳ ಕಾಲ ನಮ್ಮ ಬಹುತೇಕ ಜನರ ಪಾಲಿಗೆ ಅದು ಹೀಗೆಯೇ ಇತ್ತು. ಒಂದು ಕಂಪ್ಯೂಟರಿಗೆ ಇಳಿದ ಪತ್ರ ಆ ಕಂಪ್ಯೂಟರಿನದೇ ಸೊತ್ತು. ಈ ಸ್ಥಿತಿ ಹೇಗೆ ಬದಲಾಯಿತು, ಬದಲಾದಾಗ ನಾವು ಏನನ್ನು ಪಡೆದೆವು, ಏನನ್ನು ಬಿಟ್ಟುಕೊಟ್ಟೆವು ಎಂಬುದು ಯಂತ್ರಗಳ ಕಥೆ ಮಾತ್ರವಲ್ಲ. ಪತ್ರವೊಂದು ಎಲ್ಲೆಡೆ ಸಿಗಬೇಕಾದರೆ ಅದನ್ನು ಯಾರಾದರೊಬ್ಬರ ವಶದಲ್ಲಿ ಬಿಡಬೇಕಾಗುತ್ತದೆ. ಆ ಒಬ್ಬರು ಯಾರು ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಸಾವಿರದ ಮುನ್ನೂರು ವರ್ಷ ಹಳೆಯದು.

ಮುಸ್ಲಿಮ್ ಇತಿಹಾಸಕಾರರು ದಾಖಲಿಸಿರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹ. ಮುಆವಿಯಾ(ರ)ರ ಆಡಳಿತ ಕಾಲದಲ್ಲಿ ಒಬ್ಬ ವ್ಯಕ್ತಿಗೆ ಒಂದು ಲಕ್ಷ ದಿರ್ಹಮ್ ಕೊಡುವಂತೆ ಇರಾಕಿನ ರಾಜ್ಯಪಾಲ ಝಿಯಾದ್‌ಗೆ ಪತ್ರ ಬರೆಯಲಾಯಿತು. ಪತ್ರವನ್ನು ಒಯ್ಯುವವನು ಹಣ ಪಡೆಯಬೇಕಾದವನೇ. ಅವನು ದಾರಿಯಲ್ಲಿ ಪತ್ರ ಬಿಚ್ಚಿ ಒಂದು ಲಕ್ಷವನ್ನು ಎರಡು ಲಕ್ಷವೆಂದು ತಿದ್ದಿದ. ಇರಾಕಿನ ಲೆಕ್ಕಪತ್ರ ದಮಾಸ್ಕಸ್‌ಗೆ ಬಂದಾಗಲೇ ಮೋಸ ಬಯಲಾಯಿತು. ಇದಾದ ಮೇಲೆ 'ದೀವಾನುಲ್ ಖಾತಮ್' ಅಂದರೆ ಮುದ್ರೆಯ ಕಚೇರಿ ಆರಂಭವಾಯಿತು. ಹೊರಡುವ ಪತ್ರದ ಒಂದು ನಕಲನ್ನು ಕಚೇರಿಯಲ್ಲಿ ಉಳಿಸಿಕೊಂಡು ಮೂಲಕ್ಕೆ ಮುದ್ರೆ ಒತ್ತಿ ಕಳುಹಿಸುವುದು ಅದರ ಕೆಲಸ. ಪತ್ರ ಇನ್ನು ಮುಂದೆ ಕೈಯಿಂದ ಕೈಗೆ ಸಾಗುವ ಒಂಟಿ ಹಾಳೆಯಾಗಿ ಉಳಿಯಲಿಲ್ಲ. ಅದರ ಒಂದು ರೂಪ ಕೇಂದ್ರದಲ್ಲಿ ಸ್ಥಿರವಾಗಿ ಕುಳಿತಿತು.

ಇದಕ್ಕೂ ಮೊದಲೇ ಇನ್ನೊಂದು ದಾರಿ ತೋರಿಸಲಾಗಿತ್ತು. ಖಲೀಫ ಉಸ್ಮಾನ್(ರ)ರ ಕಾಲದಲ್ಲಿ ಪವಿತ್ರ ಕುರ್‌ಆನಿನ ಪ್ರಮಾಣಿತ ಪ್ರತಿಗಳನ್ನು ಬರೆಸಿ ಕೂಫಾ, ಬಸ್ರಾ, ಸಿರಿಯಾ ಮುಂತಾದೆಡೆ ಕಳುಹಿಸಿ ಒಂದನ್ನು ಮದೀನಾದಲ್ಲಿ ಉಳಿಸಿಕೊಳ್ಳಲಾಯಿತು. ಯಾವ ಊರಿನಲ್ಲಿ ಓದಿದರೂ ಒಂದೇ ಪಾಠ ಇರಬೇಕು, ಸಂದೇಹ ಬಂದರೆ ಹೋಲಿಸಿ ನೋಡಲು ಒಂದು ಆಧಾರಪ್ರತಿ ಇರಬೇಕು ಎಂಬುದು ಉದ್ದೇಶ. ಮೂಲ ಒಂದೆಡೆ, ಅದಕ್ಕೆ ತಾಳೆಯಾಗುವ ಪ್ರತಿಗಳು ಹಲವೆಡೆ ಎಂಬ ಈ ವ್ಯವಸ್ಥೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಕಂಪ್ಯೂಟರುಗಳ ನಡುವೆಯೂ ಬರುತ್ತದೆ.

ಅಂಚೆಗೆ ಅರಬಿಯಲ್ಲಿ 'ಬರೀದ್' ಎನ್ನುತ್ತಾರೆ. ಉಮಯ್ಯಾ ಖಲೀಫ ಅಬ್ದುಲ್ ಮಲಿಕ್ ಅದನ್ನು ವ್ಯವಸ್ಥಿತಗೊಳಿಸಿದ. ಅಬ್ಬಾಸಿಯರು ಅದನ್ನು ದೊಡ್ಡ ಇಲಾಖೆಯಾಗಿ ಬೆಳೆಸಿದರು. 9ನೇ ಶತಮಾನದಲ್ಲಿ ಇಬ್ನ್ ಖುರ್ದಾಝ್‌ಬಿಹ್ ಬರೆದ ಮಾರ್ಗಗಳ ಮತ್ತು ರಾಜ್ಯಗಳ ಗ್ರಂಥ ಭೂಗೋಳ ಶಾಸ್ತ್ರದ ಪ್ರಸಿದ್ಧ ಕೃತಿ. ಅದನ್ನು ಬರೆದವನು ಸ್ವತಃ ಬರೀದ್‌ನ ಅಧಿಕಾರಿ. ಆದರೆ ಈ ಅಧಿಕಾರಿಗೆ ಇನ್ನೊಂದು ಮುಖವೂ ಇತ್ತು. ಪ್ರಾಂತದಲ್ಲಿ ನಡೆಯುವುದನ್ನೆಲ್ಲ, ರಾಜ್ಯಪಾಲನ ನಡವಳಿಕೆಯನ್ನೂ ಸೇರಿಸಿ, ಖಲೀಫನಿಗೆ ಗುಟ್ಟಾಗಿ ತಿಳಿಸುವುದು ಅವನ ಕರ್ತವ್ಯವಾಗಿತ್ತು. ಅಂಚೆಯವನೇ ಬೇಹುಗಾರ. ಇದನ್ನು ಮುಚ್ಚಿಟ್ಟು ಬರೀದ್‌ನ ಬಗ್ಗೆ ಹೆಮ್ಮೆಪಡುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ನಮ್ಮ ನಾಡಿನಲ್ಲಿಯೂ ಇದೇ. 1333ರಲ್ಲಿ ಸಿಂಧೂ ನದಿಯ ತೀರ ತಲುಪಿದ ಇಬ್ನ್ ಬತೂತ ಮುಹಮ್ಮದ್ ಬಿನ್ ತುಘಲಕನ ಅಂಚೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಕುದುರೆಯ ಅಂಚೆ ಒಂದು, ಕಾಲಾಳುಗಳ ಅಂಚೆ ಇನ್ನೊಂದು. ಒಂದು ಮೈಲಿಯ ಮೂರನೇ ಒಂದು ಭಾಗಕ್ಕೊಬ್ಬ ಓಟಗಾರ. ಅವನ ಕೈಯ ಕೋಲಿನ ತುದಿಗೆ ಗೆಜ್ಜೆ. ಗೆಜ್ಜೆಯ ಸದ್ದು ಕೇಳುತ್ತಲೇ ಮುಂದಿನವನು ಎದ್ದು ನಿಲ್ಲುತ್ತಾನೆ. ಪ್ರಯಾಣಿಕನಿಗೆ 50 ದಿನ ಹಿಡಿಯುವ ಸಿಂಧ್-ದಿಲ್ಲಿ ದಾರಿಯನ್ನು ಪತ್ರ 5 ದಿನಗಳಲ್ಲಿ ಕ್ರಮಿಸುತ್ತಿತ್ತು. ಆ ಪತ್ರಗಳಲ್ಲಿ ಏನಿರುತ್ತಿತ್ತು? ಗಡಿಗೆ ಯಾರು ಬಂದರು, ಅವರ ಮುಖಲಕ್ಷಣ ಏನು, ಬಟ್ಟೆ ಎಂಥದ್ದು, ಜೊತೆಗೆ ಎಷ್ಟು ಸೇವಕರಿದ್ದಾರೆ ಎಂಬ ವರದಿ. ಇಬ್ನ್ ಬತೂತ ದಿಲ್ಲಿ ಮುಟ್ಟುವ ಎಷ್ಟೋ ಮೊದಲೇ ಅವನ ವಿವರ ಅಲ್ಲಿಗೆ ಮುಟ್ಟಿತ್ತು.

ಇದೇ ಇಬ್ನ್ ಬತೂತ ನಮ್ಮ ಜಿಲ್ಲೆಯ ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನನ ಅತಿಥಿಯಾಗಿದ್ದ. ಅಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಪಾಠಶಾಲೆಗಳಿದ್ದವೆಂಬ ಅವನ ಮಾತನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ. ಆದರೆ ಅವನ ಬದುಕಿನ ಇನ್ನೊಂದು ಘಟನೆಯೂ ಈ ತೀರಕ್ಕೆ ಸೇರಿದ್ದು. ಕೊಲ್ಲಂನಿಂದ ಹೊನ್ನಾವರಕ್ಕೆ ಮರಳುವಾಗ ಫಾಕನೂರು ಅಂದರೆ ಬಾರ್ಕೂರು ಮತ್ತು ಹೊನ್ನಾವರದ ನಡುವೆ ಕಡಲ್ಗಳ್ಳರು ಅವನ ಹಡಗನ್ನು ದೋಚಿದರು. ರತ್ನಗಳು ಹೋದವು, ಬಟ್ಟೆ ಹೋಯಿತು. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ಅವನು ನಕಲು ಮಾಡಿಟ್ಟುಕೊಂಡಿದ್ದ. ಭಾರತದ ಕಡಲಿನಲ್ಲಿ ದರೋಡೆಯಾದಾಗ ಅವೂ ಹೋದವೆಂದು ತನ್ನ ಪ್ರವಾಸ ಕಥನದಲ್ಲಿ ಹೇಳಿಕೊಂಡಿದ್ದಾನೆ. ಒಂದೇ ಪ್ರತಿ, ಅದೂ ಗಂಟಿನಲ್ಲಿ. ಎರಡನೆಯದೊಂದು ಎಲ್ಲಿಯೂ ಇರಲಿಲ್ಲ.

ಅಂದರೆ ಎರಡು ಭಯಗಳು. ಪತ್ರ ನನ್ನ ಬಳಿಯೇ ಇದ್ದರೆ ಕಳೆದುಹೋದೀತು. ಕಚೇರಿಯಲ್ಲಿದ್ದರೆ ಕಚೇರಿಯವನು ಓದಿಯಾನು. ಕಂಪ್ಯೂಟರಿನ ಕಾಲದಲ್ಲಿ ಈ ಎರಡೂ ಹೊಸ ವೇಷ ತೊಟ್ಟು ಬಂದವು.

ಮೊದಮೊದಲು ಸಮಸ್ಯೆಯೇ ಇರಲಿಲ್ಲ. 1965ರಲ್ಲಿ ಅಮೆರಿಕದ ಎಂಐಟಿಯಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮೋರಿಸ್ ಒಂದೇ ದೊಡ್ಡ ಕಂಪ್ಯೂಟರನ್ನು ಹಂಚಿಕೊಂಡು ಬಳಸುವವರು ಪರಸ್ಪರ ಸಂದೇಶ ಬಿಡುವ ವ್ಯವಸ್ಥೆಯನ್ನು ಬರೆದರು. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸಿದರು. ಇಂದು ಪ್ರತಿ ಇ-ಮೇಲ್ ವಿಳಾಸದಲ್ಲಿರುವ @ ಚಿಹ್ನೆಯನ್ನು ಆರಿಸಿದವರೂ ಅವರೇ. ಆಗ ಬಳಕೆದಾರನ ಮೇಜಿನ ಮೇಲೆ ಇರುತ್ತಿದ್ದುದು ಕೀಲಿಮಣೆ ಮತ್ತು ತೆರೆ ಅಥವಾ ಮುದ್ರಣ ಯಂತ್ರ ಮಾತ್ರ. ಕಂಪ್ಯೂಟರು ಬೇರೆ ಕೋಣೆಯಲ್ಲಿ. ಪತ್ರಗಳು ಅಲ್ಲಿಯೇ. ಯಾವ ಮೇಜಿನಿಂದ ನೋಡಿದರೂ ಅದೇ ಪತ್ರ.

ಇದನ್ನು ಕೆಡಿಸಿದ್ದು ಸ್ವಂತ ಕಂಪ್ಯೂಟರು. 1980ರ ದಶಕದಲ್ಲಿ ಮೇಜಿಗೊಂದು ಪಿಸಿ ಬಂದಾಗ ಅದು ರಾತ್ರಿ ಆರಿಸಿಡುವ ಯಂತ್ರವಾಗಿತ್ತು. ಆರಿದ ಯಂತ್ರಕ್ಕೆ ಪತ್ರ ಬರಲಾರದು. ಆದ್ದರಿಂದ ಸದಾ ಎಚ್ಚರವಿರುವ ದೊಡ್ಡ ಯಂತ್ರವೊಂದು ಪತ್ರಗಳನ್ನು ಸ್ವೀಕರಿಸಿ ಇಟ್ಟುಕೊಳ್ಳಬೇಕು, ಪಿಸಿ ಬಂದು ಕೇಳಿದಾಗ ಕೊಡಬೇಕು. 1984ರಲ್ಲಿ ಜಾಯ್ಸ್ ರೆನಾಲ್ಡ್ಸ್ ಇದಕ್ಕೊಂದು ನಿಯಮಾವಳಿ ಬರೆದರು. ಅದಕ್ಕಿಟ್ಟ ಹೆಸರು 'ಪೋಸ್ಟ್ ಆಫೀಸ್ ಪ್ರೋಟೊಕಾಲ್'. ಸಂಕ್ಷಿಪ್ತವಾಗಿ ಪಾಪ್. 1988ರ ಹೊತ್ತಿಗೆ ಅದರ ಮೂರನೆಯ ರೂಪ ಪಾಪ್-3 ಬಂತು. ಮುಂದೆ ಲೋಕವೆಲ್ಲ ಬಳಸಿದ್ದು ಇದನ್ನೇ. ಹೆಸರು ಎಷ್ಟು ಸರಿಯಾಗಿದೆ ನೋಡಿ. ಅಂಚೆ ಕಚೇರಿ ಪತ್ರವನ್ನು ಕೈಗಿತ್ತ ಮೇಲೆ ಅದರ ಕೆಲಸ ಮುಗಿಯಿತು. ಪಾಪ್‌ನ ಸಾಮಾನ್ಯ ಕ್ರಮವೂ ಅದೇ. ಪತ್ರ ಪಿಸಿಗೆ ಇಳಿಯುತ್ತದೆ, ಕಚೇರಿಯ ಯಂತ್ರದಿಂದ ಅಳಿಯುತ್ತದೆ.

ಕಾನಸೂರಿನ ಒಬ್ಬ ಅಡಿಕೆ ವ್ಯಾಪಾರಿಯ ಉದಾಹರಣೆ ತೆಗೆದುಕೊಳ್ಳೋಣ. ಶಿರಸಿಯ ಅಂಗಡಿಯಲ್ಲಿ ಒಂದು ಕಂಪ್ಯೂಟರು, ಕಾನಸೂರಿನ ಮನೆಯಲ್ಲಿ ಇನ್ನೊಂದು. ಖಾತೆ ಒಂದೇ. ಬೆಳಿಗ್ಗೆ ಅಂಗಡಿಯ ಹುಡುಗ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು ಪತ್ರಗಳನ್ನೆಲ್ಲ ಇಳಿಸುತ್ತಾನೆ. ಅವುಗಳಲ್ಲಿ ರಾಶಿ ಅಡಿಕೆಯ ದರ ಕೇಳಿದ ಪತ್ರವೂ ಇದೆ, ಮಗ ಜಿದ್ದಾದಿಂದ ತಾಯಿಗೆ ಬರೆದ ಪತ್ರವೂ ಇದೆ. ಸಂಜೆ ಮನೆಯಲ್ಲಿ ತಾಯಿ ಕಾಯುತ್ತಾ ಕುಳಿತರೆ ಅಲ್ಲಿ ಪೆಟ್ಟಿಗೆ ಖಾಲಿ. ಮಗನ ಪತ್ರ ಅಂಗಡಿಯಲ್ಲಿ ಬೀಗದೊಳಗಿದೆ. 'ಸರ್ವರ್‌ನಲ್ಲಿ ಒಂದು ಪ್ರತಿ ಬಿಡು' ಎಂಬ ಆಯ್ಕೆ ಇತ್ತು ನಿಜ. ಅದನ್ನು ಗುರುತು ಹಾಕಿದರೆ ಪತ್ರ ಎರಡೂ ಕಡೆ ಸಿಗುತ್ತಿತ್ತು. ಆದರೆ ಅಂಗಡಿಯಲ್ಲಿ ಓದಿದ್ದು ಮನೆಯಲ್ಲಿ ಹೊಸದಾಗಿಯೇ ಕಾಣುತ್ತಿತ್ತು. ಅಂಗಡಿಯಿಂದ ಬರೆದ ಉತ್ತರ ಮನೆಯಲ್ಲಿ ಕಾಣುತ್ತಲೇ ಇರಲಿಲ್ಲ. ಕೊನೆಗೆ ಕಚೇರಿಯ ಯಂತ್ರದಲ್ಲಿ ಜಾಗ ತುಂಬಿ ಹೊಸ ಪತ್ರಗಳು ಕಳುಹಿಸಿದವರಿಗೇ ಹಿಂತಿರುಗುತ್ತಿದ್ದವು.

ಇದಕ್ಕೆ ಮದ್ದು ಆಗಲೇ ಸಿದ್ಧವಿತ್ತು ಎಂಬುದು ಈ ಇತಿಹಾಸದ ವಿಚಿತ್ರ. 1986ರಲ್ಲಿ ಎಂಐಟಿಯ ಡೇವಿಡ್ ಕ್ಲಾರ್ಕ್ ಮತ್ತು ಮಾರ್ಕ್ ಲ್ಯಾಂಬರ್ಟ್ 'ಪಿಸಿಮೇಲ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ಪತ್ರಗಳ ಮೂಲ ಕೇಂದ್ರದಲ್ಲಿರುತ್ತದೆ, ಒಬ್ಬನೇ ವ್ಯಕ್ತಿಯ ಹಲವು ಕಂಪ್ಯೂಟರುಗಳಲ್ಲಿ ಪ್ರತಿಗಳಿರುತ್ತವೆ, ಸಂಪರ್ಕ ಸಿಕ್ಕಾಗಲೆಲ್ಲ ಅವು ಮೂಲದೊಂದಿಗೆ ತಾಳೆ ನೋಡಿಕೊಳ್ಳುತ್ತವೆ. ಅದೇ 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ಐಮ್ಯಾಪ್ ಎಂಬ ನಿಯಮಾವಳಿಯನ್ನು ರೂಪಿಸಿದರು. ಇಂದು ಮೊಬೈಲು ಮತ್ತು ಕಂಪ್ಯೂಟರು ಒಂದೇ ಪತ್ರವನ್ನು ತೋರಿಸುವುದರ ಹಿಂದೆ ಅನೇಕ ಕಡೆ ಇರುವುದು ಇದೇ. 1988ರಲ್ಲಿ ಅದರ ಎರಡನೆಯ ರೂಪ ಪ್ರಕಟವಾಯಿತು, 1994ರಲ್ಲಿ ನಾಲ್ಕನೆಯದು. 2003ರಲ್ಲಿ ಅದನ್ನು ಪರಿಷ್ಕರಿಸಲಾಯಿತು, 2021ರಲ್ಲಿ ಮತ್ತೊಮ್ಮೆ. ಕ್ರಿಸ್ಪಿನ್ 2012ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಲೋಕದ ಕೋಟ್ಯಂತರ ಜನ ದಿನವೂ ಅವರ ಕೆಲಸವನ್ನು ಬಳಸುತ್ತಿದ್ದರು. ಅವರ ಹೆಸರು ಕೇಳಿದವರು ಎಷ್ಟು ಜನ?

ಐಮ್ಯಾಪ್‌ನ ತಿರುಳನ್ನು ಸರಳವಾಗಿ ಹೇಳಬಹುದು. ಪತ್ರ ಕಚೇರಿಯಲ್ಲೇ ಇರುತ್ತದೆ, ನಾವು ಹೋಗಿ ಓದುತ್ತೇವೆ. ಪ್ರತಿ ಪತ್ರಕ್ಕೂ ಒಂದು ಕ್ರಮಸಂಖ್ಯೆ. ಪ್ರತಿ ಪತ್ರದ ಮೇಲೆ ಗುರುತುಗಳು: ನೋಡಿದೆ, ಉತ್ತರಿಸಿದೆ, ಮುಖ್ಯವಾದುದು, ಅಳಿಸಬೇಕಾದುದು, ಕರಡು. ಈ ಗುರುತುಗಳು ಓದುಗನ ಕಂಪ್ಯೂಟರಿನಲ್ಲಿ ಅಲ್ಲ, ಕಚೇರಿಯ ಯಂತ್ರದಲ್ಲೇ ಇರುತ್ತವೆ ಎಂಬುದೇ ಮುಖ್ಯ ಸಂಗತಿ. ಆದ್ದರಿಂದ ಅಂಗಡಿಯಲ್ಲಿ ಓದಿದ್ದು ಮನೆಯಲ್ಲಿಯೂ ಓದಿದ್ದೇ. ಪತ್ರ ಪೂರ್ತಿ ಇಳಿಸದೆ ಬರೆದವರ ಹೆಸರು ಮತ್ತು ವಿಷಯವನ್ನು ಮಾತ್ರ ತರಿಸಿಕೊಳ್ಳಲೂಬಹುದು.

ಹಾಗಾದರೆ 1990ರ ದಶಕದಲ್ಲಿ ಗೆದ್ದದ್ದು ಪಾಪ್ ಏಕೆ? ಕಾರಣ ಹಣ. ಟೆಲಿಫೋನ್ ಕರೆ ಮಾಡಿ ಇಂಟರ್ನೆಟ್ ಸೇರುವ ಕಾಲದಲ್ಲಿ ಪ್ರತಿ ನಿಮಿಷಕ್ಕೂ ಬಿಲ್ ಏರುತ್ತಿತ್ತು. ಪತ್ರಗಳನ್ನು ಸರಕ್ಕನೆ ಇಳಿಸಿಕೊಂಡು ಸಂಪರ್ಕ ಕಡಿದು ಆಮೇಲೆ ನಿಧಾನವಾಗಿ ಓದುವುದೇ ಜಾಣತನ. ಸೇವೆ ಕೊಡುವ ಕಂಪೆನಿಗಳಿಗೂ ಡಿಸ್ಕ್ ದುಬಾರಿ. ಗ್ರಾಹಕ ತನ್ನ ಪತ್ರಗಳನ್ನು ಬೇಗ ಒಯ್ದಷ್ಟೂ ಅವರಿಗೆ ಲಾಭ.

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಕೆಲವು ಸಂಸ್ಥೆಗಳಿಗೆ ಇ-ಮೇಲ್ ತಂದಿತು. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಅದೂ ಮೊದಲಿಗೆ ಮಹಾನಗರಗಳಲ್ಲಿ. ಆಗ ಕಡಿಮೆ ದರದ 'ಶೆಲ್' ಖಾತೆ ಎಂಬುದೊಂದಿತ್ತು. ಅದರಲ್ಲಿ ಚಿತ್ರಗಳಿಲ್ಲ, ಕಪ್ಪು ತೆರೆಯ ಮೇಲೆ ಅಕ್ಷರಗಳು ಮಾತ್ರ. ಪತ್ರ ಓದಲು 'ಪೈನ್' ಎಂಬ ತಂತ್ರಾಂಶ. ಬಡವನ ಖಾತೆಯೆಂದು ಹೀಗಳೆದದ್ದರಲ್ಲಿ ಪತ್ರಗಳು ವಿಎಸ್‌ಎನ್‌ಎಲ್‌ನ ಯಂತ್ರದಲ್ಲೇ ಇರುತ್ತಿದ್ದವು, ಹಾಗಾಗಿ ಯಾವ ಮನೆಯ ಫೋನಿನಿಂದ ಸೇರಿದರೂ ಅದೇ ಪೆಟ್ಟಿಗೆ ಸಿಗುತ್ತಿತ್ತು. ಹೆಚ್ಚು ಹಣ ಕೊಟ್ಟವರು ಪತ್ರಗಳನ್ನು ತಮ್ಮ ಪಿಸಿಗೆ ಇಳಿಸಿಕೊಂಡು ಆ ಸೌಲಭ್ಯವನ್ನು ಕಳೆದುಕೊಂಡರು!

ಮಲೆನಾಡಿಗೆ ಇದು ತಲುಪಿದ್ದು ತಡವಾಗಿ. 2000ದಲ್ಲಿ ಬಿಎಸ್‌ಎನ್‌ಎಲ್ ಹುಟ್ಟಿತು, ಅದರ ಸಂಚಾರ್‌ನೆಟ್ ಸೇವೆ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಟೆಲಿಫೋನ್ ತಂತಿ ಮರಗಳ ನಡುವೆ ಹಾದು ಬರಬೇಕು. ಮಳೆಗಾಲದಲ್ಲಿ ಗುಡುಗಿನ ಸದ್ದು ಕೇಳಿದೊಡನೆ ಮೋಡೆಮ್‌ನ ತಂತಿ ಕೀಳುವುದು ಇಲ್ಲಿನವರ ಅಭ್ಯಾಸ. ಕಿತ್ತಿಡಲು ಮರೆತರೆ ಒಂದು ಸಿಡಿಲಿಗೆ ಮೋಡೆಮ್ ಸುಟ್ಟಿತು. ಕೆಲವೊಮ್ಮೆ ಕಂಪ್ಯೂಟರೂ ಸುಟ್ಟಿತು, ಅದರೊಂದಿಗೆ ಇಳಿಸಿಟ್ಟ ಪತ್ರಗಳೂ ಹೋದವು. ಇಬ್ನ್ ಬತೂತನ ಗಂಟಿನ ಕಥೆಯೇ. ವ್ಯತ್ಯಾಸವೆಂದರೆ ಅವನನ್ನು ದೋಚಿದವರಿಗೆ ಮುಖವಿತ್ತು.

ಇಂಥ ಊರುಗಳ ಪಾಲಿಗೆ ಬಿಡುಗಡೆಯಾಗಿ ಬಂದದ್ದು ಐಮ್ಯಾಪ್ ಅಲ್ಲ, ಹಾಟ್‌ಮೇಲ್. ಅದರ ಹಿಂದೆ ಬೆಂಗಳೂರಿನ ನೆನಪೂ ಇದೆ. ಸಬೀರ್ ಭಾಟಿಯಾ 1968ರಲ್ಲಿ ಚಂಡೀಗಢದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದವರು. ಸೇಂಟ್ ಜೋಸೆಫ್ಸ್ ಶಾಲೆಯ ವಿದ್ಯಾರ್ಥಿ. ಪಿಲಾನಿಯಿಂದ ಕ್ಯಾಲ್‌ಟೆಕ್‌ಗೆ, ಅಲ್ಲಿಂದ ಸ್ಟ್ಯಾನ್‌ಫರ್ಡ್‌ಗೆ. ಸಹೋದ್ಯೋಗಿ ಜಾಕ್ ಸ್ಮಿತ್ ಜೊತೆ ಸೇರಿ ಸ್ವಂತ ಉದ್ಯಮದ ಯೋಜನೆ ಹಾಕುತ್ತಿದ್ದಾಗ ಇಬ್ಬರಿಗೂ ಒಂದು ತೊಡಕು ಎದುರಾಯಿತು. ಕಚೇರಿಯ ಜಾಲದಿಂದ ತಮ್ಮ ಸ್ವಂತ ಇ-ಮೇಲ್ ತೆರೆಯಲು ಆಗುತ್ತಿರಲಿಲ್ಲ. ಕಚೇರಿಯ ಇ-ಮೇಲ್‌ನಲ್ಲಿ ಬರೆದರೆ ಮೇಲಧಿಕಾರಿ ಓದಿಯಾನು ಎಂಬ ಅಳುಕು. ಜಾಲತಾಣ ನೋಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಹಾಗಾದರೆ ಪತ್ರವನ್ನೇ ಜಾಲತಾಣದ ಪುಟವಾಗಿ ತೋರಿಸಿದರೆ? ಹೀಗೆ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭವಾಯಿತು. ಒಂದೂವರೆ ವರ್ಷದಲ್ಲಿ 85 ಲಕ್ಷ ಚಂದಾದಾರರು. 1997ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ಹಾಟ್‌ಮೇಲ್, ಯಾಹೂ, ರೆಡಿಫ್‌ಮೇಲ್‌ಗಳು ಮಾಡಿದ ದೊಡ್ಡ ಉಪಕಾರವೆಂದರೆ ಸ್ವಂತ ಕಂಪ್ಯೂಟರಿಲ್ಲದವನಿಗೂ ಒಂದು ಸ್ಥಿರ ವಿಳಾಸ ಕೊಟ್ಟದ್ದು. ಗಲ್ಫ್‌ಗೆ ಹೋದವರ ಮನೆಗಳಲ್ಲಿ ಅದುವರೆಗೆ ಏರೋಗ್ರಾಮ್ ಕಾಯಬೇಕಿತ್ತು, ಇಲ್ಲವೇ ಊರಿಗೆ ಬರುವವರ ಕೈಯಲ್ಲಿ ಧ್ವನಿ ತುಂಬಿದ ಕ್ಯಾಸೆಟ್ ಬರಬೇಕಿತ್ತು. ಐಎಸ್‌ಡಿ ಕರೆ ಎಂದರೆ ಎದೆ ಹೊಡೆದುಕೊಳ್ಳುವ ಖರ್ಚು. ಈಗ ಹುಡುಗ ಜಿದ್ದಾದ ಸೈಬರ್ ಕೆಫೆಯಲ್ಲಿ ಕುಳಿತು ಬರೆದದ್ದನ್ನು ತಂಗಿ ಶಿರಸಿಯ ಸೈಬರ್ ಕೆಫೆಯಲ್ಲಿ ತೆರೆದು ಮುದ್ರಿಸಿಕೊಂಡು ಬಸ್ಸಿನಲ್ಲಿ ಊರಿಗೆ ಒಯ್ದು ಅಮ್ಮಿಗೆ ಓದಿ ಹೇಳಬಹುದಾಯಿತು. ಆದರೂ ಪೆಟ್ಟಿಗೆ ಚಿಕ್ಕದು. ಹಾಟ್‌ಮೇಲ್‌ನಲ್ಲಿ ಇದ್ದುದು 2 ಮೆಗಾಬೈಟ್ ಜಾಗ, ನಾಲ್ಕು ಫೋಟೋ ಬಂದರೆ ಭರ್ತಿ. ಹಳೆಯದನ್ನು ಅಳಿಸದೆ ಹೊಸದು ಬರುವಂತಿಲ್ಲ. ಕೆಲಕಾಲ ತೆರೆಯದಿದ್ದರೆ ಪೆಟ್ಟಿಗೆಯನ್ನೇ ಖಾಲಿ ಮಾಡುತ್ತಿದ್ದರು. ಕೆಫೆಯಲ್ಲಿ 'ಸೈನ್ ಔಟ್' ಒತ್ತಲು ಮರೆತರೆ ಮುಂದೆ ಬಂದು ಕುಳಿತವನಿಗೆ ಮನೆಯ ಗುಟ್ಟೆಲ್ಲ ಬಯಲು. ಇನ್ನೊಬ್ಬರ ಪತ್ರವನ್ನು ಅನುಮತಿಯಿಲ್ಲದೆ ನೋಡಬಾರದೆಂದು ನಮ್ಮ ಹಿರಿಯರು ಕಲಿಸಿದ ಅದಬು ಕೆಫೆಯ ಕುರ್ಚಿಯಲ್ಲಿ ಎಷ್ಟು ಜನರಿಗೆ ನೆನಪಾಗುತ್ತಿತ್ತೋ!

ಇಲ್ಲಿ ಕನ್ನಡದ್ದೇ ಆದ ಒಂದು ಸಂಕಟವನ್ನು ಹೇಳಲೇಬೇಕು. ಪತ್ರ ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು ಎಂದಾದ ಮೇಲೂ ಕನ್ನಡದ ಪತ್ರ ತೆರೆಯುತ್ತಿರಲಿಲ್ಲ. ತೆರೆದರೆ ಕಾಣುತ್ತಿದ್ದುದು ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಕ್ಕೆಗಳ ಕಲಸುಮೇಲೋಗರ. ಏಕೆಂದರೆ ಆಗಿನ ತಂತ್ರಾಂಶಗಳು ಕನ್ನಡವನ್ನು ತಮ್ಮ ತಮ್ಮ ಅಕ್ಷರಶೈಲಿಯ ಒಳಗೆ ಅಡಗಿಸಿ ಇಡುತ್ತಿದ್ದವು. ಬರೆದವನ ಕಂಪ್ಯೂಟರಿನಲ್ಲಿರುವ ಅದೇ ಫಾಂಟ್ ಓದುವವನ ಬಳಿಯೂ ಇರಬೇಕು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇವುಗಳಿಂದ ಕನ್ನಡ ಟೈಪಿಸುವವರ ಸಂಖ್ಯೆ ಹೆಚ್ಚಿತು. ಆದರೆ ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಬರಹವೂ ಇಲ್ಲ, ನುಡಿಯೂ ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಅದು ಸಾಮಾನ್ಯ ಕಂಪ್ಯೂಟರಿನಲ್ಲಿ ಕಾಣಿಸಲು 2001ರ ವಿಂಡೋಸ್ ಎಕ್ಸ್‌ಪಿವರೆಗೆ, ಬಳಕೆಗೆ ಬರಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ಉರ್ದುವಿನ ಪಾಡೂ ಇದೇ. ಇನ್‌ಪೇಜ್‌ನಲ್ಲಿ ಅಂದವಾಗಿ ಬರೆದ ಪತ್ರವನ್ನು ಚಿತ್ರವಾಗಿಸಿ ಲಗತ್ತಿಸಬೇಕಿತ್ತು. ಹಾಗಾಗಿ ಒಂದು ಇಡೀ ಪೀಳಿಗೆ ತಾಯಿಗೆ ಬರೆಯುವ ಪತ್ರವನ್ನೂ ಇಂಗ್ಲಿಷ್ ಲಿಪಿಯಲ್ಲಿ ಬರೆಯಿತು. ಕನ್ನಡ, ಉರ್ದು, ನವಾಯತಿ, ಬ್ಯಾರಿ ಎಲ್ಲವೂ ಆ ಒಂದೇ ಕಿಟಕಿಯಲ್ಲಿ ನುಸುಳಬೇಕಾಯಿತು. ಪತ್ರವನ್ನು ಎಲ್ಲೆಡೆ ತಲುಪಿಸುವ ತಂತ್ರಕ್ಕೆ ಸಿಕ್ಕ ಕೀರ್ತಿ ಅಕ್ಷರವನ್ನು ಎಲ್ಲೆಡೆ ತಲುಪಿಸಿದ ಯೂನಿಕೋಡ್‌ಗೆ ಸಿಗದಿರುವುದು ನನ್ನ ಮಟ್ಟಿಗೆ ಅನ್ಯಾಯ.

2004ರ ಏಪ್ರಿಲ್ 1ರಂದು ಗೂಗಲ್ 1 ಗಿಗಾಬೈಟ್ ಜಾಗದ ಜಿಮೇಲ್ ಪ್ರಕಟಿಸಿದಾಗ ಅನೇಕರು ಏಪ್ರಿಲ್ ಫೂಲ್ ಎಂದುಕೊಂಡರು. ಹಾಟ್‌ಮೇಲ್ ಕೊಡುತ್ತಿದ್ದುದರ 500 ಪಟ್ಟು. ಇನ್ನು ಅಳಿಸಬೇಕಾಗಿಲ್ಲ, ಎಲ್ಲ ಇಲ್ಲಿಯೇ ಇರಲಿ ಎಂಬುದು ಅದರ ಕರೆ. 2007ರ ಅಕ್ಟೋಬರ್‌ನಲ್ಲಿ ಜಿಮೇಲ್ ಐಮ್ಯಾಪ್ ಸೌಲಭ್ಯವನ್ನೂ ಕೊಟ್ಟಿತು. ಅದೇ ವರ್ಷ ಐಫೋನ್ ಬಂದಿತ್ತು. ಕಿಸೆಯಲ್ಲೊಂದು, ಮೇಜಿನ ಮೇಲೊಂದು ಕಂಪ್ಯೂಟರು ಇರುವವನಿಗೆ ಪಾಪ್ ಸಾಕಾಗಲಿಲ್ಲ. ಕ್ರಿಸ್ಪಿನ್ 21 ವರ್ಷಗಳ ಹಿಂದೆ ಬರೆದದ್ದಕ್ಕೆ ಆಗ ಕಾಲ ಕೂಡಿಬಂತು. ಡಿಸ್ಕ್ ಅಗ್ಗವಾಗಿತ್ತು, ಸಂಪರ್ಕ ಸದಾ ಇರತೊಡಗಿತ್ತು.

ಪತ್ರ ಎಲ್ಲೆಡೆ ಸಿಕ್ಕಿತು. ಆದರೆ ಅದು ಇರುವುದೆಲ್ಲಿ? ಬರೀದ್‌ನ ಕಚೇರಿಯಲ್ಲಿ.

ಇದು ಅಲಂಕಾರದ ಮಾತಲ್ಲ. ಅಮೆರಿಕದಲ್ಲಿ 1986ರಲ್ಲಿ, ಅಂದರೆ ಐಮ್ಯಾಪ್ ಹುಟ್ಟಿದ ಅದೇ ವರ್ಷ, ವಿದ್ಯುನ್ಮಾನ ಸಂಪರ್ಕದ ಖಾಸಗಿತನದ ಕಾಯ್ದೆ ಬಂತು. ಕಚೇರಿಯ ಯಂತ್ರದಲ್ಲಿ 180 ದಿನಗಳ ಒಳಗಿನ ಪತ್ರವನ್ನು ಪೊಲೀಸರು ನೋಡಬೇಕಾದರೆ ನ್ಯಾಯಾಲಯದ ವಾರಂಟ್ ಬೇಕು. 180 ದಿನ ದಾಟಿದ ಪತ್ರಕ್ಕೆ ಅಷ್ಟು ಬಿಗಿಯಾದ ರಕ್ಷಣೆಯಿಲ್ಲ. ಕಾನೂನು ಬರೆದವರ ಕಣ್ಣ ಮುಂದೆ ಇದ್ದುದು ಪಾಪ್‌ನ ಲೋಕ. ಬೇಕಾದ ಪತ್ರವನ್ನು ಜನ ಇಳಿಸಿಕೊಂಡು ಒಯ್ಯುತ್ತಾರೆ, ಆರು ತಿಂಗಳಾದರೂ ಅಲ್ಲೇ ಬಿದ್ದಿದ್ದರೆ ಅದು ಬಿಟ್ಟುಹೋದ ಸರಕು ಎಂಬ ಎಣಿಕೆ. ಹತ್ತು ವರ್ಷದ ಪತ್ರಗಳನ್ನು ಜನ ಅಲ್ಲಿಯೇ ಇಡುವ ಕಾಲ ಬಂದೀತೆಂದು ಅವರು ಊಹಿಸಿರಲಿಲ್ಲ. 2010ರಲ್ಲಿ ವಾರ್ಶಾಕ್ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ಇ-ಮೇಲ್ ಒಳಗಿನ ವಿಷಯಕ್ಕೆ ವಾರಂಟ್ ಬೇಕೇ ಬೇಕು ಎಂದಿತು. ಕಾಯ್ದೆಯನ್ನೇ ತಿದ್ದುವ ಮಸೂದೆಗೆ 2016ರಲ್ಲಿ ಕೆಳಮನೆ ಒಪ್ಪಿಗೆ ನೀಡಿದರೂ ಸೆನೆಟ್‌ನಲ್ಲಿ ಅದು ಅಂಗೀಕಾರವಾಗಲಿಲ್ಲ. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗಿಟ್ಟ 'ಪ್ರಿಸಮ್' ಕಡತಗಳಲ್ಲಿ ಮೈಕ್ರೋಸಾಫ್ಟ್, ಯಾಹೂ, ಗೂಗಲ್ ಹೆಸರುಗಳಿದ್ದವು. ಕಾನಸೂರಿನ ತಾಯಿಗೆ ಬಂದ ಪತ್ರ ಇರುವುದೂ ಇಂಥ ಕಂಪೆನಿಗಳ ಯಂತ್ರಗಳಲ್ಲೇ. ಗೂಗಲ್ ಸ್ವತಃ ಜಾಹೀರಾತಿಗಾಗಿ ಪತ್ರಗಳ ಒಳಗಿನ ಪದಗಳನ್ನು ಯಂತ್ರದಿಂದ ಶೋಧಿಸುತ್ತಿತ್ತು. ಅದನ್ನು ನಿಲ್ಲಿಸುವುದಾಗಿ 2017ರಲ್ಲಿ ಪ್ರಕಟಿಸಿತು.

ನಮ್ಮಲ್ಲಿಯೂ ಅಂಚೆಯ ಮೇಲೆ ಪ್ರಭುತ್ವದ ಕಣ್ಣು ಹಳೆಯದೇ. 1898ರ ಅಂಚೆ ಕಾಯ್ದೆ ಪತ್ರಗಳನ್ನು ತಡೆದು ನೋಡುವ ಅಧಿಕಾರ ಕೊಟ್ಟಿತ್ತು. ಅದರ ಬದಲಿಗೆ ಬಂದ 2023ರ ಕಾಯ್ದೆಯೂ ಆ ಅಧಿಕಾರವನ್ನು ಉಳಿಸಿಕೊಂಡಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮು ಇ-ಮೇಲ್‌ಗೂ ಅನ್ವಯಿಸುತ್ತದೆ. ಇನ್ನೊಂದು ತಕ್ಕಡಿಯಲ್ಲಿ ಇಡಬೇಕಾದದ್ದು ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು. ಆ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಇತರರ ಗುಟ್ಟು ಕೆದಕಬೇಡಿ ಎಂದು ಸೂರಾ ಅಲ್ ಹುಜುರಾತ್‌ನ 12ನೇ ವಚನ ಆದೇಶಿಸುತ್ತದೆ. ಅಲ್ಲಿ ಆಳುವವರಿಗೆ ವಿನಾಯಿತಿ ಕೊಟ್ಟಂತೆ ಕಾಣುವುದಿಲ್ಲ.

ಓದುವ ಭಯ ಹೀಗೆ. ಕಳೆಯುವ ಭಯವಾದರೂ ಹೋಯಿತೇ? ಅದೂ ಪೂರ್ತಿ ಹೋಗಿಲ್ಲ. ಹಾಟ್‌ಮೇಲ್ ಎಂಬ ಸೇವೆಯನ್ನೇ ಮೈಕ್ರೋಸಾಫ್ಟ್ 2013ರಲ್ಲಿ ಔಟ್‌ಲುಕ್‌ಗೆ ಬದಲಿಸಿತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಆರಂಭಿಸಿದೆ. ತೀರಿಕೊಂಡವರ ಖಾತೆ ಬಳಕೆಯಾಗದ ಖಾತೆಯೇ ಅಲ್ಲವೇ? ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಅಲ್ಲಿಯೇ ಕಣ್ಣುಮುಚ್ಚಿದವನ ಪತ್ರಗಳು, ಸಾಲ-ಅಮಾನತಿನ ಲೆಕ್ಕಗಳು, ವಸಿಯ್ಯತಿನ ಕರಡು ಎಲ್ಲವೂ ಒಂದು ಗುಪ್ತಪದದ ಹಿಂದೆ ಇರುತ್ತವೆ. ಅದು ಮನೆಯವರಿಗೆ ಗೊತ್ತಿರುವುದಿಲ್ಲ. ಏರೋಗ್ರಾಮ್‌ಗಳನ್ನಾದರೆ ಅಟ್ಟದ ಮೇಲಿನ ಟ್ರಂಕಿನಿಂದ ತೆಗೆದು ಓದಬಹುದಿತ್ತು, ಗೆದ್ದಲು ಬಿಟ್ಟಷ್ಟನ್ನು.

ಇಂಥವರಿಗಾಗಿ ಗೂಗಲ್ 2013ರಿಂದ ಒಂದು ಏರ್ಪಾಡು ಇಟ್ಟಿದೆ. ಖಾತೆ ಇಷ್ಟು ತಿಂಗಳು ನಿಶ್ಚಲವಾಗಿದ್ದರೆ ಪತ್ರಗಳನ್ನು ಇಂಥವರಿಗೆ ಕೊಡಿ ಎಂದು ಬದುಕಿರುವಾಗಲೇ ಹೆಸರು ಬರೆದಿಡಬಹುದು. ಇನ್ನು ಪಾಪ್ ಸತ್ತಿಲ್ಲ. ಮನೆಯಲ್ಲೊಂದು ಹಳೆಯ ಕಂಪ್ಯೂಟರಿದ್ದರೆ ಅದರಲ್ಲಿ ಥಂಡರ್‌ಬರ್ಡ್‌ನಂಥ ಉಚಿತ ತಂತ್ರಾಂಶ ಹಾಕಿ, 'ಸರ್ವರ್‌ನಲ್ಲಿ ಒಂದು ಪ್ರತಿ ಬಿಡು' ಎಂಬ ಆ ಹಳೆಯ ಆಯ್ಕೆಗೆ ಗುರುತು ಹಾಕಿ ಪತ್ರಗಳನ್ನೆಲ್ಲ ಒಮ್ಮೆ ಇಳಿಸಿಟ್ಟುಕೊಳ್ಳಬಹುದು. ಗುಡುಗು ಕೇಳಿದಾಗ ತಂತಿ ಕೀಳಲು ಮಾತ್ರ ಮರೆಯಬಾರದು.